ಗೋಧಿ ಒಗ್ಗದವರಿಗೆ ನಮ್ಮ ಹೋಟೆಲಿನಲ್ಲೊಂದು ಎಲೆ

ಹೋಟೆಲಿನ ಮಾಣಿಗೆ ದಿನವೊಂದಕ್ಕೆ ನೂರಾರು ಪ್ರಶ್ನೆಗಳು. ಬಿಸಿ ಏನಿದೆ, ಇಡ್ಲಿ ಮುಗಿಯಿತೇ, ಚಟ್ನಿ ಖಾರವೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ತುಸು ತಪ್ಪಿದರೂ ಗಿರಾಕಿಯ ಮುಖ ಸಪ್ಪಗಾದೀತೇ ಹೊರತು ಬೇರೆ ಅನಾಹುತವಿಲ್ಲ. ಆದರೆ ಒಮ್ಮೊಮ್ಮೆ ಒಬ್ಬ ತಾಯಿ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಅಣ್ಣಾ, ಈ ಸಾಂಬಾರಿನಲ್ಲಿ ಗೋಧಿ ಏನಾದರೂ ಸೇರಿದೆಯೇ?" ಎಂದು ಕೇಳುವುದುಂಟು. ಸಾಂಬಾರಿಗೂ ಗೋಧಿಗೂ ಎಲ್ಲಿಯ ಸಂಬಂಧವೆಂದು ನಮ್ಮ ಹುಡುಗ ನಕ್ಕು, "ಇಲ್ಲಮ್ಮಾ, ಧೈರ್ಯವಾಗಿ ತಿನ್ನಿ" ಎಂದುಬಿಡುತ್ತಾನೆ. ಅವನ ಮನಸ್ಸಿನಲ್ಲಿ ಕಪಟವಿಲ್ಲ. ಆದರೂ ಆ ಉತ್ತರ ಎಷ್ಟೋ ವೇಳೆ ಸುಳ್ಳಾಗಿರುತ್ತದೆ. ಆ ಸುಳ್ಳಿನ ಫಲವನ್ನು ಮಗು ಅನುಭವಿಸಬೇಕಾಗುತ್ತದೆ.

ಸೀಲಿಯಾಕ್ ರೋಗವೆಂಬ ಹೆಸರನ್ನು ನಮ್ಮಲ್ಲಿ ಬಹುಮಂದಿ ಕೇಳಿರಲಾರರು. ಪತ್ರಿಕೆಯ ಮೇಜಿಗೆ ಬರುವ ಮುನ್ನ ಹಲವು ವರ್ಷ ಹೋಟೆಲಿನ ಗಲ್ಲೆಯ ಮುಂದೆ ಕುಳಿತಿದ್ದ ಈ ಲೇಖಕನಿಗೆ, ಪರವೂರಿನ ಕನ್ನಡಿಗರಾದ ನಾವು ತಿಳಿದಿರಲೇಬೇಕಾದ ಸಂಗತಿಗಳಲ್ಲಿ ಇದೂ ಒಂದೆಂದು ತೋರುತ್ತದೆ. ಈ ರೋಗಿಗಳಿಗೆ ಊಟ ಹಾಕಲು ನಮ್ಮಷ್ಟು ಅನುಕೂಲವುಳ್ಳವರು ಮತ್ತೊಬ್ಬರಿಲ್ಲ; ಅರಿವಿಲ್ಲದೆ ಅವರಿಗೆ ಕೇಡು ಮಾಡುವ ಸಂಭವವೂ ನಮ್ಮ ಅಡುಗೆಮನೆಯಲ್ಲಿ ಕಡಮೆಯಿಲ್ಲ.

ರೋಗದ ಸ್ವರೂಪ

ಗೋಧಿಯಲ್ಲಿಯೂ ಜವೆಗೋಧಿ ಎಂದರೆ ಬಾರ್ಲಿಯಲ್ಲಿಯೂ ಗ್ಲುಟೆನ್ ಎಂಬ ಒಂದು ಸಸಾರಜನಕ ಪದಾರ್ಥವಿದೆ. ಚಪಾತಿಯ ಹಿಟ್ಟು ನಾದಿದಾಗ ಎಳೆದಂತೆಲ್ಲ ಹಿಗ್ಗುವುದು ಇದರ ಗುಣದಿಂದಲೇ. ಯೂರೋಪಿನ ರೈ ಎಂಬ ಧಾನ್ಯದಲ್ಲಿಯೂ ಇದುಂಟು. ಉತ್ತರದವರು ರಾಯಿ ಎಂದು ಕರೆಯುವ ನಮ್ಮ ಸಾಸಿವೆ ಬೇರೆ, ಅದರಿಂದ ಬಾಧಕವಿಲ್ಲ. ಸೀಲಿಯಾಕ್ ರೋಗವಿರುವವರು ಗ್ಲುಟೆನ್ ಸೇವಿಸಿದರೆ ದೇಹದ ರಕ್ಷಣಾಶಕ್ತಿಯು ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಮೈಯಲ್ಲಿ ಆಹಾರದ ಸಾರವನ್ನು ಹೀರುವುದಕ್ಕೆಂದು ಕೂದಲೆಳೆಯಂತೆ ನಿಂತಿರುವ ಸೂಕ್ಷ್ಮ ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಆ ಬಳಿಕ ಉಂಡದ್ದು ಮೈಗೆ ಹತ್ತುವುದಿಲ್ಲ.

ಮಕ್ಕಳಲ್ಲಿ ಮೇಲಿಂದ ಮೇಲೆ ಭೇದಿ, ಹೊಟ್ಟೆಯುಬ್ಬರ, ಕೃಶವಾದ ಕೈಕಾಲು, ಕುಂಠಿತವಾದ ಬೆಳವಣಿಗೆ ಇದರ ಲಕ್ಷಣಗಳು. ದೊಡ್ಡವರಲ್ಲಿ ಹೊಟ್ಟೆಯ ತೊಂದರೆಯೇ ಕಾಣದೆ, ಕಬ್ಬಿಣದ ಗುಳಿಗೆ ಎಷ್ಟು ನುಂಗಿದರೂ ಏರದ ರಕ್ತಹೀನತೆ, ಎಲುಬಿನ ಸವಕಳಿ, ಬಾಯಿಹುಣ್ಣು, ಸದಾ ದಣಿವು ಇಷ್ಟೇ ಕಾಣಿಸಿಕೊಳ್ಳುವುದೂ ಉಂಟು. ಇಂದಿಗೂ ಇದನ್ನು ಗುಣಪಡಿಸುವ ಔಷಧವಿಲ್ಲ. ಗ್ಲುಟೆನ್ ಇರುವ ಧಾನ್ಯಗಳನ್ನು ಜೀವಮಾನ ಪರ್ಯಂತ ಪೂರ್ಣವಾಗಿ ಬಿಡುವುದೊಂದೇ ಚಿಕಿತ್ಸೆ. ಹಾಗೆ ಬಿಟ್ಟರೆ ಕರುಳು ಕ್ರಮೇಣ ಚೇತರಿಸಿಕೊಳ್ಳುತ್ತದೆ, ಮಗು ಬೆಳೆಯುತ್ತದೆ.

ಯುದ್ಧಕಾಲದ ಎರಡು ಪ್ರಸಂಗಗಳು

ಈ ರೋಗವನ್ನು ಲಂಡನ್ನಿನ ವೈದ್ಯರಾದ ಸ್ಯಾಮುಯಲ್ ಗೀ ಅವರು 1888ರಲ್ಲೇ ಸ್ಪಷ್ಟವಾಗಿ ವರ್ಣಿಸಿದ್ದರು; ಆದರೆ ಕಾರಣ ತಿಳಿದಿರಲಿಲ್ಲ. ಕಾರಣವನ್ನು ತೋರಿಸಿಕೊಟ್ಟ ಕೀರ್ತಿ ಹಾಲೆಂಡಿನ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕೆ ಅವರದು. ಗೋಧಿಯ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರವಾದ ಕ್ಷಾಮ ತಲೆದೋರಿ ರೊಟ್ಟಿಯೇ ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ರೊಟ್ಟಿ ಮರಳಿ ಬಂದೊಡನೆ ಅವರ ರೋಗವೂ ಮರಳಿತು. ಡಿಕೆ ಅವರು ತಮ್ಮ ಪರಿಶೀಲನೆಗಳನ್ನು 1950ರಲ್ಲಿ ಪ್ರಬಂಧರೂಪದಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.

ಅದೇ ಯುದ್ಧಕಾಲದಲ್ಲಿ ನಮ್ಮ ನಾಡಿನಲ್ಲಿ ಕೊರತೆ ಬಿದ್ದದ್ದು ಅಕ್ಕಿಗೆ. ಅಕ್ಕಿಯ ಬದಲು ಗೋಧಿಯ ರವೆಯಿಂದ ಇಡ್ಲಿ ಮಾಡಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ರವೆ ಇಡ್ಲಿಯನ್ನು ಬಳಕೆಗೆ ತಂದಿತೆಂದು ಪ್ರಸಿದ್ಧವಾಗಿದೆ. ಅದು ರುಚಿಯಾದ ತಿಂಡಿಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂದಿನಿಂದ ಇಡ್ಲಿ ಎಂಬ ಒಂದೇ ಹೆಸರಿನಲ್ಲಿ ಎರಡು ಧಾನ್ಯಗಳು ನಮ್ಮ ಹೋಟೆಲುಗಳಲ್ಲಿ ಸೇರಿಕೊಂಡಿವೆ. ಒಂದು ಸೀಲಿಯಾಕ್ ರೋಗಿಗೆ ಪಥ್ಯ, ಮತ್ತೊಂದು ಅಪಥ್ಯ.

ನಮಗೇಕೆ ಈ ಚಿಂತೆ?

ಇದು ಗೋಧಿ ತಿನ್ನುವ ಉತ್ತರದವರ ರೋಗ, ಅಕ್ಕಿಯುಣ್ಣುವ ನಮಗೇನೆಂದು ಕೆಲವರು ಕೇಳಬಹುದು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಭಾರತದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23 ಸಾವಿರಕ್ಕೂ ಹೆಚ್ಚು ಜನರ ರಕ್ತವನ್ನು ಪರೀಕ್ಷಿಸಲಾಯಿತು. ರೋಗದ ಗುರುತು ಕಂಡದ್ದು ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ, ದಕ್ಷಿಣದಲ್ಲಿ ನೂರಕ್ಕೆ 0.10, ಎಂದರೆ ಸಾವಿರಕ್ಕೊಬ್ಬರಲ್ಲಿ. ಇಷ್ಟನ್ನೇ ಓದಿ ಸಮಾಧಾನಪಡುವಂತಿಲ್ಲ. ಈ ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಉತ್ತರದಲ್ಲಿ ನೂರಕ್ಕೆ 38.1 ಜನರಲ್ಲಿದ್ದರೆ, ದಕ್ಷಿಣದಲ್ಲಿಯೂ 36.4 ಜನರಲ್ಲಿದ್ದವು. ಹೆಚ್ಚುಕಡಮೆ ಸಮವೇ. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು ಕೇವಲ 25 ಗ್ರಾಂ.

ಆ ವಂಶವಾಹಿಗಳಿದ್ದವರಿಗೆಲ್ಲ ರೋಗ ಬರುವುದಿಲ್ಲ. ಬಹುಮಂದಿಗೆ ಬರುವುದೇ ಇಲ್ಲ. ಆದರೆ ಉಡುಪಿಯಿಂದಲೋ ಹಾಸನದಿಂದಲೋ ದಿಲ್ಲಿಗೆ ಬಂದು ನೆಲೆಸಿದ ಗುಮಾಸ್ತರ ಮನೆಯಲ್ಲಿ ಇಂದು ಎರಡು ಹೊತ್ತು ಚಪಾತಿ, ಮಕ್ಕಳ ಡಬ್ಬಿಯಲ್ಲಿ ಪರಾಠ, ಸಂಜೆಗೆ ಬ್ರೆಡ್ಡು ಬಿಸ್ಕತ್ತು. ಊರಿನಲ್ಲಿ ಅಜ್ಜನಿಗೆ ಅಪರೂಪವಾಗಿದ್ದ ಧಾನ್ಯ ಇಲ್ಲಿ ಮೊಮ್ಮಗನಿಗೆ ನಿತ್ಯದ ಆಹಾರ. ಮಗು ಬೆಳೆಯದಿದ್ದರೆ "ಊರಿನ ನೀರು ಹಿಡಿಸಲಿಲ್ಲ" ಎಂದು ನಮ್ಮವರು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗದೆ ವೈದ್ಯರಲ್ಲಿ ಈ ರೋಗದ ಹೆಸರನ್ನೆತ್ತಿ ವಿಚಾರಿಸುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಅನುಮಾನ ಬಂದ ಕೂಡಲೇ ತಾವಾಗಿಯೇ ಗೋಧಿಯನ್ನು ಬಿಡಬಾರದು. ಮೊದಲು ರಕ್ತದ ಪರೀಕ್ಷೆ, ಬಳಿಕ ವೈದ್ಯರು ಹೇಳಿದರೆ ದುರ್ಬೀನಿನಿಂದ ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ. ಇವೆರಡೂ ಮುಗಿಯುವ ತನಕ ಎಂದಿನಂತೆ ಗೋಧಿ ತಿನ್ನುತ್ತಿರಬೇಕು. ಮೊದಲೇ ಬಿಟ್ಟರೆ ರೋಗದ ಗುರುತು ಮಾಯವಾಗಿ ನಿರ್ಣಯ ಕೆಡುತ್ತದೆ. ಮನೆಯಲ್ಲಿ ಒಬ್ಬರಿಗೆ ಈ ರೋಗವಿದೆಯೆಂದು ಸ್ಥಿರಪಟ್ಟರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎಷ್ಟು ತಿಂದರೆ ಕೇಡು?

"ಒಂದು ಚೂರು ತಿಂದರೇನಾಗುತ್ತದೆ?" ಎಂಬ ಮಾತನ್ನು ಈ ರೋಗಿಗಳು ಮದುವೆಮನೆಯಲ್ಲಿ, ಕಚೇರಿಯಲ್ಲಿ, ಹೋಟೆಲಿನಲ್ಲಿ ದಿನವೂ ಕೇಳುತ್ತಾರೆ. ಲೆಕ್ಕ ಬಲ್ಲ ಗುಮಾಸ್ತ ಮಿತ್ರರು ಈ ಲೆಕ್ಕವನ್ನು ನೋಡಲಿ. ಮಧ್ಯಮ ಗಾತ್ರದ ಒಂದು ಚಪಾತಿಗೆ ಸುಮಾರು 30 ಗ್ರಾಂ ಹಿಟ್ಟು. ಅದರಲ್ಲಿ ಗ್ಲುಟೆನ್ 2 ಗ್ರಾಂ ಅಥವಾ ಅದಕ್ಕೂ ಹೆಚ್ಚು. ದಿನವೂ 50 ಮಿಲಿಗ್ರಾಂ ಗ್ಲುಟೆನನ್ನು ಮೂರು ತಿಂಗಳು ಸೇವಿಸಿದವರ ಕರುಳಿಗೆ ಹಾನಿ ತಟ್ಟಿದ್ದನ್ನು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದೆ. 50 ಮಿಲಿಗ್ರಾಂ ಎಂದರೆ ಆ ಚಪಾತಿಯ ನಲವತ್ತನೆಯ ಒಂದು ಪಾಲು; ಬೆರಳ ತುದಿಗೆ ಅಂಟುವಷ್ಟು ಚೂರು. ದಿನಕ್ಕೆ 10 ಮಿಲಿಗ್ರಾಮಿನೊಳಗಿದ್ದರೆ ಹೆಚ್ಚಿನವರಿಗೆ ಕ್ಷೇಮವೆಂದು ತಜ್ಞರ ಅಭಿಪ್ರಾಯ. ಹೀಗಿರುವಾಗ ಸೌಟಿಗಂಟಿದ ಹಿಟ್ಟು, ಕಾವಲಿಯ ಮೇಲಿನ ಪುಡಿ ಇವು ಕ್ಷುಲ್ಲಕ ವಿಷಯಗಳಲ್ಲ. ಬೆಂಕಿಯಲ್ಲಿ ಬೆಂದರೂ ಎಣ್ಣೆಯಲ್ಲಿ ಕರಿದರೂ ಗ್ಲುಟೆನ್ ನಾಶವಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು.

ನಮ್ಮ ಅಡುಗೆಮನೆಯಲ್ಲಿ ಗೋಧಿ ಅಡಗುವ ಜಾಗಗಳು

ಅಕ್ಕಿ, ಉದ್ದು, ತೊಗರಿ, ಕಡಲೆ, ತೆಂಗು, ಮೊಸರು ಇವೇ ನಮ್ಮ ಉಡುಪಿ ಅಡುಗೆಯ ಆಧಾರ. ಇವುಗಳಲ್ಲಿ ಒಂದರಲ್ಲಿಯೂ ಗ್ಲುಟೆನ್ ಇಲ್ಲ. ಇಡ್ಲಿ, ನೀರುದೋಸೆ, ಕಡುಬು, ಅವಲಕ್ಕಿ, ಮೊಸರನ್ನ ಇವು ಹುಟ್ಟಿನಿಂದಲೇ ಪಥ್ಯದ ಆಹಾರ. ಘಟ್ಟದ ಮೇಲಿನವರ ರಾಗಿಮುದ್ದೆ, ಹುಬ್ಬಳ್ಳಿ ಕಡೆಯ ಜೋಳದ ರೊಟ್ಟಿಯೂ ಹಾಗೆಯೇ. ತಂದೂರಿಯ ರೊಟ್ಟಿ, ನಾನ್, ಪಾವ್‌ಭಾಜಿಗಳ ನಡುವೆ ಅಲೆದು ಬಂದ ರೋಗಿಗೆ ಉಡುಪಿ ಹೋಟೆಲಿನ ಫಲಕ ಕಂಡರೆ ಜೀವ ಬಂದಂತಾಗುವುದು ಸಹಜ. ಆ ನಂಬಿಕೆ ಕೆಡುವುದು ಹೀಗೆ:

ಒಂದನೆಯದು ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಗೋಂದು ಮತ್ತು ಹಿಟ್ಟು ಬೆರೆಸಿ ಮಾಡಿದ್ದು. ಆ ಹಿಟ್ಟು ಅನೇಕ ವೇಳೆ ಗೋಧಿಯದು ಅಥವಾ ಮೈದಾ. ಸಾಂಬಾರು, ಸಾರು, ಚಟ್ನಿಯ ಒಗ್ಗರಣೆ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲಕ್ಕೂ ಗೋಧಿ ಪ್ರವೇಶಿಸುವುದು ಈ ಬಾಗಿಲಿನಿಂದ. ತಾಯಿಯ ಪ್ರಶ್ನೆಗೆ ನಕ್ಕ ನಮ್ಮ ಹುಡುಗನಿಗೆ ತಿಳಿಯದಿದ್ದದ್ದು ಇದೇ.

ಎರಡನೆಯದು ಹಿಟ್ಟಿನ ಬೆರಕೆ. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ಹಿಡಿ ರವೆಯನ್ನೋ ಮೈದಾವನ್ನೋ ಸೇರಿಸುವ ಭಟ್ಟರುಂಟು. ರವೆ ಎಂಬ ಶಬ್ದವೂ ಮೋಸಗೊಳಿಸುತ್ತದೆ: ಇಡ್ಲಿಯ ಅಕ್ಕಿರವೆ ನಿರಪಾಯ, ಉಪ್ಪಿಟ್ಟು, ಶಿರಾ, ರವೆದೋಸೆಯ ರವೆ ಗೋಧಿಯದು. ಗೋಳಿಬಜೆ, ಬನ್ಸ್, ಜಿಲೇಬಿ, ಜಾಮೂನು, ಮೈದಾದ ಕಣಕದ ಹೋಳಿಗೆ, ಗೋಧಿಶಾವಿಗೆಯ ಪಾಯಸ ಇವು ರೋಗಿಗೆ ಸಲ್ಲವು.

ಮೂರನೆಯದು ಬಾಣಲೆ. ಉದ್ದಿನ ವಡೆ ತಾನಾಗಿ ದೋಷವಿಲ್ಲದ್ದು. ಆದರೆ ಪೂರಿ, ಗೋಳಿಬಜೆ ಕರಿದ ಎಣ್ಣೆಯಲ್ಲಿಯೇ ಅದನ್ನೂ ಕರಿದರೆ ದೋಷ ಅಂಟುತ್ತದೆ. ಹಪ್ಪಳದ ಗತಿಯೂ ಅದೇ.

ನಾಲ್ಕನೆಯದು ಕಾವಲಿ. ರವೆದೋಸೆ ಹೊಯ್ದ ಅಥವಾ ಚಪಾತಿ ಬೇಯಿಸಿದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸಿದರೆ ನಮ್ಮ ಕಣ್ಣಿಗೆ ಅದು ಶುಚಿ. ರೋಗಿಯ ಕರುಳಿಗೆ ಶುಚಿಯಲ್ಲ. ಆ ಪೊರಕೆಯೇ ಹಿಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ.

ಐದನೆಯದು ಈಚಿನ ತಿನಿಸುಗಳು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಮಂಚೂರಿಯಿಗೆ ಮೈದಾ ಹಚ್ಚುತ್ತಾರೆ. ಸೂಪನ್ನು ಮೈದಾದಿಂದ ಗಟ್ಟಿ ಮಾಡುವುದುಂಟು. ಮಾಲ್ಟ್ ಸೇರಿದ ಹಾಲಿನ ಪಾನೀಯಗಳಲ್ಲಿ ಬಾರ್ಲಿಯೂ ಗೋಧಿಯೂ ಇರುತ್ತವೆ. ಕಾಫಿಯಲ್ಲಿ ಬಾಧೆಯಿಲ್ಲ.

ಮಾಡಬೇಕಾದುದೇನು?

ಇದಕ್ಕೆ ಹೊಸ ಅಡುಗೆಮನೆ ಕಟ್ಟಬೇಕಾಗಿಲ್ಲ. ಮೊದಲು ಮಾಲಿಕರು ಇಂಗನ್ನು ಬದಲಾಯಿಸಲಿ. ಅಕ್ಕಿಹಿಟ್ಟು ಬೆರೆಸಿದ, ಗೋಧಿಯಿಲ್ಲದ ಇಂಗು ಪೇಟೆಯಲ್ಲಿ ಸಿಗುತ್ತದೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಗುಮಾಸ್ತರಿಂದ ಓದಿಸಿ ಕೊಳ್ಳಲಿ. ಸಾಂಬಾರಿನ ಕೊಪ್ಪರಿಗೆಗೆ ಬೀಳುವ ಇಂಗು ಅತ್ಯಲ್ಪವಾದುದರಿಂದ ಬೆಲೆಯ ಹೊರೆ ಗಣ್ಯವಲ್ಲ. ಈ ಒಂದೇ ಕ್ರಮದಿಂದ ಅರ್ಧ ಅಪಾಯ ತೊಲಗುತ್ತದೆ.

ಎರಡನೆಯದಾಗಿ, ಭಟ್ಟರು ಒಂದು ಸಣ್ಣ ಕಾವಲಿ, ಒಂದು ಸಟ್ಟುಗ, ಒಂದು ಸೌಟನ್ನು ಗುರುತು ಹಾಕಿ ಬೇರೆಯಾಗಿಡಲಿ. ಅವುಗಳನ್ನು ಗೋಧಿಗೆ ಮುಟ್ಟಿಸಕೂಡದು. ಮಡಿ ಎಂಬುದು ನಮ್ಮ ಅಡುಗೆಯವರಿಗೆ ಹೊಸ ಪಾಠವಲ್ಲ. ನೀರುಳ್ಳಿ ಬೆಳ್ಳುಳ್ಳಿ ತಿನ್ನದ ಗಿರಾಕಿಗಳಿಗಾಗಿ ಬೇರೆ ಪಾತ್ರೆಯಲ್ಲಿ ಮಾಡಿಕೊಡುವ ಪದ್ಧತಿ ಅನೇಕ ಹೋಟೆಲುಗಳಲ್ಲಿದೆ. ಆ ಅಭ್ಯಾಸವನ್ನೇ ಇಲ್ಲಿಯೂ ಅನುಸರಿಸಬಹುದು. ಇಡ್ಲಿಯ ಅಟ್ಟದಲ್ಲಿ ಅಕ್ಕಿಯ ಇಡ್ಲಿ ಮೇಲಿರಲಿ, ರವೆ ಇಡ್ಲಿಯ ನೀರು ಅದರ ಮೇಲೆ ತೊಟ್ಟಿಕ್ಕದಿರಲಿ. ಪೂರಿ ಲಟ್ಟಿಸುವ ಮಣೆ ದೋಸೆಯ ಹಿಟ್ಟಿನಿಂದ ದೂರವಿರಲಿ. ವಡೆಗೆ ಬೇರೆ ಬಾಣಲೆ ಇಡಲಾಗದಿದ್ದರೆ, ವಡೆ ನಿಮಗಲ್ಲವೆಂದು ನೇರವಾಗಿ ಹೇಳುವುದೇ ಸರಿ.

ಮೂರನೆಯದು ಮಾಣಿಗಳ ಪಾಲಿನದು. ಗೋಧಿಯ ಪ್ರಶ್ನೆಗೆ ಅವರಲ್ಲಿ ಮೂರು ಉತ್ತರಗಳಿರಲಿ: "ಇದೆ", "ಇಲ್ಲ", "ಭಟ್ಟರನ್ನು ಕೇಳಿ ಬರುತ್ತೇನೆ". ಮೂರನೆಯ ಉತ್ತರ ಕೊಟ್ಟ ಹುಡುಗನನ್ನು ಯಾವ ಮ್ಯಾನೇಜರರೂ ಗದರಿಸಬಾರದು. ಜನಸಂದಣಿಯ ವೇಳೆಯಲ್ಲಿ ಎರಡು ನಿಮಿಷ ತಡವಾದರೆ ಮೇಜೊಂದರ ವ್ಯಾಪಾರ ಹೋದೀತು. ಅವಸರದ "ಇಲ್ಲ" ಎಂಬುದರಿಂದ ಒಬ್ಬರ ಆರೋಗ್ಯ ಹೋಗುತ್ತದೆ. ಕೇಳುವವರು ಕೊಂಕು ತೆಗೆಯಲು ಬಂದವರೆಂಬ ಭಾವನೆಯೂ ಸಲ್ಲದು. ಹತ್ತು ಕಡೆ ಮೋಸಹೋದವರು ಹನ್ನೊಂದನೆಯ ಕಡೆ ಹೆಚ್ಚು ಕೇಳುತ್ತಾರೆ.

ಇನ್ನು ಕಾಯಿದೆಯ ವಿಷಯ. ಗ್ಲುಟೆನ್‌ರಹಿತವೆಂದು ಹೆಸರಿಟ್ಟು ಮಾರುವ ಆಹಾರದಲ್ಲಿ ಗ್ಲುಟೆನ್ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಪ್ಯಾಕೆಟ್ಟಿನ ಮೇಲೆ ಗ್ಲುಟೆನ್ ಇರುವ ಧಾನ್ಯಗಳನ್ನು ನಮೂದಿಸಬೇಕೆಂದೂ, ಕೇಂದ್ರದ ಪರವಾನಗಿಯ ಅಥವಾ ಹತ್ತು ಮತ್ತು ಅದಕ್ಕೂ ಹೆಚ್ಚು ಶಾಖೆಗಳುಳ್ಳ ಹೋಟೆಲುಗಳು ಅಂಥ ವಿವರವನ್ನು ಗಿರಾಕಿಗಳಿಗೆ ಒದಗಿಸಬೇಕೆಂದೂ 2020ರ ನಿಯಮಗಳು ವಿಧಿಸಿವೆ. ಬೀದಿಯ ಮೂಲೆಯ ನಮ್ಮ ಸಣ್ಣ ಹೋಟೆಲಿಗೆ ಈ ಕೊನೆಯ ನಿರ್ಬಂಧ ತಟ್ಟುವುದಿಲ್ಲ. ಅಲ್ಲಿ ಗಿರಾಕಿಗೆ ನಮ್ಮ ಮಾತೇ ಪ್ರಮಾಣ. ಪೂರ್ಣ ವ್ಯವಸ್ಥೆಯಿಲ್ಲದೆ "ಗ್ಲುಟೆನ್‌ರಹಿತ" ಎಂಬ ಫಲಕ ತೂಗುಹಾಕುವುದು ಯುಕ್ತವಲ್ಲ. ಯಾವ ತಿಂಡಿಯಲ್ಲಿ ಏನಿದೆಯೆಂದು ನಿಜ ಹೇಳುವುದೇ ಸಾಕು.

ರೋಗಿಗಳಿಗೂ ಮನೆಯವರಿಗೂ

ಹೋಟೆಲಿಗೆ ಹೋಗುವಾಗ ಜನಸಂದಣಿ ತಗ್ಗಿದ ಹೊತ್ತನ್ನು ಆರಿಸಿಕೊಳ್ಳಿ. ಭಟ್ಟರಿಗೆ ನಿಮ್ಮ ಮಾತು ಕೇಳಲು ಆಗ ಬಿಡುವಿರುತ್ತದೆ. "ಗ್ಲುಟೆನ್" ಎಂದರೆ ಯಾರಿಗೂ ತಿಳಿಯದು. ಗೋಧಿ, ಮೈದಾ, ರವೆ ಎಂದು ಹೆಸರಿಟ್ಟು ಕೇಳಿ. ಒಂದೇ ಹೋಟೆಲನ್ನು ಗುರುತಿಸಿಕೊಂಡು ಅಲ್ಲಿಯವರ ಪರಿಚಯ ಬೆಳೆಸಿಕೊಳ್ಳುವುದು ಹತ್ತು ಹೋಟೆಲು ಅಲೆಯುವುದಕ್ಕಿಂತ ಮೇಲು. ಕನ್ನಡದಲ್ಲಿಯೂ ಊರಿನ ಭಾಷೆಯಲ್ಲಿಯೂ ಒಂದು ಚೀಟಿ ಬರೆದಿಟ್ಟುಕೊಂಡರೆ ಬಹಳ ಉಪಯೋಗ. ಅದರ ಮಾದರಿ ಇದು:

"ನನಗೆ ಸೀಲಿಯಾಕ್ ರೋಗವಿದೆ. ಗೋಧಿ, ಮೈದಾ, ಗೋಧಿರವೆ, ಗೋಧಿಶಾವಿಗೆ, ಬಾರ್ಲಿ ಇವು ಚಿಟಿಕೆಯಷ್ಟೂ ಆಗುವುದಿಲ್ಲ. ಹಿಟ್ಟು ಬೆರೆಸಿದ ಇಂಗು, ಪೂರಿ ಕರಿದ ಎಣ್ಣೆ, ಚಪಾತಿ ಬೇಯಿಸಿದ ಕಾವಲಿ ಬೇಡ. ಅಕ್ಕಿ, ಬೇಳೆ, ಉದ್ದು, ಜೋಳ, ರಾಗಿ, ತರಕಾರಿ, ಮೊಸರು ಆಗುತ್ತದೆ. ಖಚಿತವಿಲ್ಲದಿದ್ದರೆ ದಯವಿಟ್ಟು ಬಡಿಸಬೇಡಿ."

ಮನೆಯಲ್ಲಿ ಜೋಳ, ರಾಗಿಯನ್ನು ಊರಿನ ಗಿರಣಿಗೆ ಕೊಟ್ಟರೆ ಹಿಂದೆ ಬೀಸಿದ ಗೋಧಿ ಅದರಲ್ಲಿ ಬೆರೆಯುತ್ತದೆ. ಧಾನ್ಯವನ್ನು ಆರಿಸಿ ತೊಳೆದು ಒಣಗಿಸಿ ಮನೆಯ ಸಣ್ಣ ಯಂತ್ರದಲ್ಲಿ ಬೀಸಿಕೊಳ್ಳುವುದು ಕ್ಷೇಮ. ಮುಂಬಯಿ, ಪುಣೆಗಳಲ್ಲಿರುವವರಿಗೆ ಉಪವಾಸದ ತಿನಿಸುಗಳಾದ ಸಾಬೂದಾಣಿ ಖಿಚಡಿ, ರಾಜಗಿರಾ, ವರಿ ಅಕ್ಕಿ ಒಳ್ಳೆಯ ಆಸರೆ. ಉತ್ತರದ ಕುಟ್ಟು ಕೂಡ ಗೋಧಿಯ ಜಾತಿಯದಲ್ಲ. ಆದರೆ ಅವುಗಳ ಹಿಟ್ಟನ್ನು ಕೊಳ್ಳುವಾಗಲೂ ಬೆರಕೆಯ ವಿಚಾರ ಕೇಳಿಯೇ ಕೊಳ್ಳಬೇಕು.

ನೆರವಿಗೆ ಯಾರೂ ಇಲ್ಲವೆಂದು ಕುಗ್ಗಬೇಕಾಗಿಲ್ಲ. ದಿಲ್ಲಿಯ ಸೀಲಿಯಾಕ್ ಸೊಸೈಟಿ ಆಫ್ ಇಂಡಿಯಾ ರೋಗಿಗಳಿಗೂ ಕುಟುಂಬದವರಿಗೂ ತಿಳಿವಳಿಕೆ ನೀಡುವ ಕೆಲಸದಲ್ಲಿ ತೊಡಗಿದೆ. ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಈ ರೋಗವನ್ನು ವರ್ಷಗಳಿಂದ ಅಭ್ಯಸಿಸುತ್ತಿರುವ ವೈದ್ಯರಿದ್ದಾರೆ. ಇತರ ನಗರಗಳಲ್ಲಿಯೂ ದೊಡ್ಡ ಆಸ್ಪತ್ರೆಗಳ ಜೀರ್ಣಾಂಗ ವಿಭಾಗದಲ್ಲಿ ವಿಚಾರಿಸಿದರೆ ಅದೇ ಊರಿನ ಇತರ ರೋಗಿಗಳ ಸಂಪರ್ಕ ದೊರೆಯುವ ಸಂಭವವುಂಟು. ಯಾವ ಅಂಗಡಿಯ ಹಿಟ್ಟು ಒಳ್ಳೆಯದು, ಯಾವ ಹೋಟೆಲಿನ ಭಟ್ಟರು ಮಾತಿಗೆ ತಪ್ಪುವುದಿಲ್ಲ ಎಂಬ ನಿತ್ಯದ ತಿಳಿವಳಿಕೆ ಬರುವುದು ಅಂಥವರಿಂದಲೇ.

ನಮ್ಮ ಕನ್ನಡ ಸಂಘಗಳ ಪಾತ್ರವೂ ಇಲ್ಲಿ ಸಣ್ಣದಲ್ಲ. ರಾಜ್ಯೋತ್ಸವ, ಗಣೇಶೋತ್ಸವ, ಯುಗಾದಿಗಳಲ್ಲಿ ಸಾವಿರಾರು ಎಲೆ ಹಾಕುವ ಸಂಘಗಳು ಪಂಕ್ತಿಯ ಒಂದು ಮೂಲೆಯಲ್ಲಿ ಗೋಧಿ ಮುಟ್ಟದ ಅನ್ನ, ತೊವ್ವೆ, ಪಲ್ಯ, ಮೊಸರುಗಳನ್ನು ಬೇರೆ ಸೌಟಿನಿಂದ ಬಡಿಸುವ ಏರ್ಪಾಡು ಮಾಡಬಹುದು. ಎಲ್ಲರೂ ಹೋಳಿಗೆ ಉಣ್ಣುವಾಗ ಡಬ್ಬಿ ಬಿಚ್ಚಿಕೊಂಡು ಒಂಟಿಯಾಗಿ ಕೂರುವ ಮಗುವಿನ ಸಂಕಟ ಹೊಟ್ಟೆಯ ಸಂಕಟಕ್ಕಿಂತ ಕಡಮೆಯದಲ್ಲ. ಆ ಮಗುವಿಗೆ ಕಡಲೆಹಿಟ್ಟಿನ ಮೈಸೂರುಪಾಕು ಒಂದನ್ನು ಬೇರೆ ತಟ್ಟೆಯಲ್ಲಿ ತೆಗೆದಿಟ್ಟರೆ ಸಂಘದ ಖಜಾನೆಯೇನೂ ಬರಿದಾಗದು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರು ಈ ನಗರಗಳಲ್ಲಿ ಹೆಸರು ಗಳಿಸಿದ್ದು ಶುಚಿಯಾದ ಅಡುಗೆಯಿಂದಲೂ ನಂಬಿಗಸ್ತ ವ್ಯವಹಾರದಿಂದಲೂ. ಗೋಧಿ ಒಗ್ಗದವರು ನಮ್ಮ ಬಾಗಿಲಿಗೆ ಬರುವುದು ಆ ಹೆಸರನ್ನು ನಂಬಿಕೊಂಡೇ. ಆದ ಕಾರಣ, ಈ ಲೇಖನವನ್ನು ಓದಿದ ಹೋಟೆಲ್ ಬಂಧುಗಳು ಇಂದು ರಾತ್ರಿ ಅಡುಗೆಮನೆ ಮುಚ್ಚುವ ಮುನ್ನ ಇಂಗಿನ ಡಬ್ಬಿಯನ್ನು ಕೈಗೆತ್ತಿಕೊಂಡು ಅದರ ಮೇಲೆ ಏನು ಅಚ್ಚಾಗಿದೆಯೆಂದು ಒಮ್ಮೆ ಓದಬೇಕೆಂದು ನಮ್ಮ ಪ್ರಾರ್ಥನೆ.